ಓಂಕಾರಿಯ ಬಾಯಿಪಾಠ

ಚಳ್ಳಕೆರೆ
3 ಜೂನ್ 2024

ಅಕ್ಕನಿಗೆ ಓಂಕಾರಿಯ ಶರಣು.

ನನ್ನ ಅಕ್ಷರ ನೋಡಿ ಯಾರೋ ಹೋದ್ರು ಅಂತ ಗಾಬರಿ ಆಗಬೇಡ. ಇನ್ನೂ ಯಾರೂ ಹೋಗಿಲ್ಲ. ಹೋಗೋರ ಸಾಲಿನಲ್ಲಿ ನಾನೇ ಮುಂದೆ ನಿಂತಿದೀನಿ, ಅಷ್ಟೆ. ಹೃದಯದ ಮೂರು ರಕ್ತನಾಳ ಕಟ್ಟಿಕೊಂಡವೆ. ಬೈಪಾಸ್ ಮಾಡದಿದ್ರೆ ಈ ಎದೆ ಬಹಳ ಕಾಲ ತಡೆಯಲ್ಲ ಅಂತ ದಾವಣಗೆರೆ ಡಾಕ್ಟ್ರು ಅಂದ್ರು. ಸಕ್ಕರೆ ಹತೋಟಿಗೆ ಬರಲಿ ಅಂತ ಆಗಸ್ಟ್ ಕೊನೆವರೆಗೆ ಬಿಟ್ಟಿದಾರೆ.

ಕೊಯ್ಯೋ ಹೊತ್ತಲ್ಲಿ ಹೃದಯ ನಿಲ್ಲಿಸಿ ಮಿಷನ್ನಿಂದ ರಕ್ತ ಹರಿಸ್ತಾರಂತೆ. ಎದ್ದ ಮೇಲೆ ವಯಸ್ಸಾದ ಕೆಲವರಿಗೆ ತಲೆ ಮಂಕಾಗ್ತೈತಂತೆ. ಕೆಲವರಿಗೆ ನಾಕು ದಿನ, ಕೆಲವರಿಗೆ ಹೋದದ್ದು ಹೋದಂಗೇ. ನಮ್ಮ ಶೇಂಗಾ ಮಂಡಿಯ ಚಿಕ್ಕಬಸಪ್ಪನ್ನ ಕಣ್ಣಾರೆ ನೋಡ್ತಿದೀನಲ್ಲ. ಹೋದ ವರ್ಷ ಆಪರೇಷನ್ ಆಗಿ ಬಂದೋನು ಚಪ್ಪಲಿ ತಗಂಡೋಗಿ ಫ್ರಿಜ್ಜಿನಲ್ಲಿಡ್ತಾನೆ. ಹೆಂಡ್ತಿನ "ನೀವು ಯಾರ ಪೈಕಿರಿ?" ಅಂತಾನೆ. ಆಕೆ ಎಲ್ಲರೆದುರು ನಕ್ಕು ಒಳಗೋಗಿ ಅಳ್ತಾಳೆ. ಅಕ್ಕ, ಸಾಯೋಕೆ ನನಗೆ ಹೆದರಿಕೆ ಇಲ್ಲ. ಹಂಗೆ ಬದುಕೋದು ಆಗಲ್ಲ. ತಲೆ ಹೋಗೋದಾದ್ರೆ ಎದೆ ಯಾಕೆ ರಿಪೇರಿ ಮಾಡಿಸಬೇಕು?

ಅದಕ್ಕೇ ಆಸ್ಪತ್ರೆಯೋರು ಸ್ವಪ್ನ ಮೇಡಂ ಅಂತ ಒಬ್ಬಾಕೆನ ನನಗೆ ಗಂಟು ಹಾಕಿದಾರೆ. ಆಪರೇಷನ್ನಿಗೆ ಮುಂಚೆ ತಲೆಗೆ ಸಾಮು ಮಾಡಿಸ್ತಾಳೆ. ನೂರರಿಂದ ಏಳೇಳು ಕಳೀರಿ, ತಿಂಗಳು ಹಿಂದಿನಿಂದ ಹೇಳಿ, ಟ್ಯಾಬಿನಲ್ಲಿ ಮೀನು ಯಾವ ಕಡೆ ತಿರುಗಿತು ಒತ್ತಿ. ಇದರಿಂದ ಉಳದೇ ಉಳೀತೈತೆ ಅಂತ ಆಕೆ ಮಾತು ಕೊಡಲ್ಲ. ಪಳಗಿದ ತಲೆ ಪೆಟ್ಟು ತಡ್ಕೊಂತೈತೆ ಅಂತಾಳೆ. ಅದರ ಜೊತೆ ಇನ್ನೊಂದು ಪಾಠ: ಹಳೇದನ್ನ ನೆನಸಿಕೊಂಡು ಕೈಯಾರೆ ಬರೆದು, ಬಲ್ಲೋರಿಗೆ ಕಳಿಸಬೇಕು. ಅವರು ಸರಿ ತಪ್ಪು ನೋಡಿ ಬರೀಬೇಕು. ಫೋನ್ ಮಾಡಂಗಿಲ್ಲ. ಅಪ್ಪ ಅವ್ವ ಇಲ್ಲ, ನನ್ನ ಹೆಂಡ್ತಿ ನಿರ್ಮಲಾ ಹೋಗಿ ಮೂರು ವರ್ಷ ಆಯ್ತು. ಮಗಳು ಶಿಲ್ಪಾಗೆ ನನ್ನ ಹಳೇದೇನು ಗೊತ್ತು? ಬಲ್ಲೋಳು ಅಂದ್ರೆ ನೀನೊಬ್ಬಳೇ.

ಇವತ್ತಿಗೆ ಮೂರು. ಒಂದು, ಅಪ್ಪನ ಗಾಣದ ಎತ್ತಿನ ಹೆಸರು ಮಲ್ಲ. ಎರಡು, ನಾನು ಬಾವಿಗೆ ಬಿದ್ದಾಗ ಚಿಕ್ಕಪ್ಪ ಇಳಿದು ಎತ್ತಿದ. ಮೂರು, ಮಗ್ಗಿಯಲ್ಲಿ ಮನೆಗೆಲ್ಲ ನಾನೇ ಫಸ್ಟು, ನೀನು ಹದಿಮೂರರ ಮಗ್ಗಿಗೆ ತಡವರಿಸ್ತಿದ್ದೆ.

ನಿನ್ನ ತಮ್ಮ
ಓಂಕಾರಮೂರ್ತಿ

---

ಮೊಳಕಾಲ್ಮೂರು
10 ಜೂನ್ 2024

ಓಂಕಾರಮೂರ್ತಿಗೆ,

ನಿನ್ನ ಕಾಗದ ತಲುಪಿತು. ನಿನ್ನಿಂದ ನನಗೆ ಕಾಗದ ಬಂದದ್ದು ಇದೇ ಮೊದಲು. ನಿಮ್ಮ ಭಾವ ತೀರಿಕೊಂಡಾಗಲೂ ನೀನು ವಾಟ್ಸಾಪಿನಲ್ಲಿ ಕೈಮುಗಿದ ಚಿತ್ರ ಕಳಿಸಿದ್ದೆ.

ಆಗಲಿ, ನೋಡಿಕೊಡುತ್ತೇನೆ. ಸೀರೆ ಅಂಗಡಿಯಲ್ಲಿ ಕೂತಿರುವವಳಿಗೆ ಮಧ್ಯಾಹ್ನ ಬೇರೆ ಕೆಲಸವೇನು.

ಒಂದನೆಯದು ಸರಿ. ಎರಡನೆಯದು ತಪ್ಪು. ಬಾವಿಗೆ ಇಳಿದವಳು ನಾನು. ಚಿಕ್ಕಪ್ಪ ಹಗ್ಗ ಹಿಡಿದುಕೊಂಡು ಮೇಲಿನಿಂದ ಬೈಯುತ್ತಿದ್ದ. ಮೂರನೆಯದೂ ತಪ್ಪು. ಅಪ್ಪ ನಿನ್ನನ್ನು ನಿಲ್ಲಿಸಿ ಮಗ್ಗಿ ಕೇಳುವಾಗ ಅವರ ಬೆನ್ನ ಹಿಂದೆ, ಬಾಗಿಲ ಸಂದಿಯಲ್ಲಿ ನಿಂತು ತುಟಿ ಅಲ್ಲಾಡಿಸುತ್ತಿದ್ದವಳು ನಾನು. ನೀನು ನನ್ನ ತುಟಿ ನೋಡಿಕೊಂಡು ಹೇಳುತ್ತಿದ್ದೆ.

ಔಷಧಿ ತಪ್ಪಿಸಬೇಡ.

ಸರ್ವಮಂಗಳ

---

ಚಳ್ಳಕೆರೆ
17 ಜೂನ್ 2024

ಅಕ್ಕ,

ಮೂರರಲ್ಲಿ ಎರಡು ತಪ್ಪು! ಮಂಡಿಯಲ್ಲಿ ಹೇಳಿಕೊಂಡು ಕೆಟ್ಟೆ. "ಏನ್ ಓಂಕಾರಪ್ಪ, ಎಸ್ಸೆಸ್ಸೆಲ್ಸಿ ಮೂರನೇ ಸಲನೂ ಡುಮ್ಕಿಯಾ?" ಅಂತ ಹಮಾಲರವರೆಗೂ ನಗ್ತಾರೆ. ನಲವತ್ತು ವರ್ಷ ಶೇಂಗಾ ಕಮಿಷನ್ ವ್ಯಾಪಾರ ಮಾಡಿದೋನು ನಾನು. ಬೆಳಗ್ಗೆ ಕೂಗಿದ ರೇಟು ಸಂಜೆ ಕೇಳಿದ್ರೂ ಒಂದು ಪೈಸೆ ಆ ಕಡೆ ಈ ಕಡೆ ಆಗ್ತಿರಲಿಲ್ಲ.

ಸ್ವಪ್ನ ಮೇಡಂ ಮಾತ್ರ ಖುಷಿಯಾದಳು. ನೆನಸಿಕೊಳ್ಳೋ ಕಷ್ಟನೇ ವ್ಯಾಯಾಮ, ತಪ್ಪಾದ್ರೆ ಚಿಂತೆ ಇಲ್ಲ ಅಂದಳು. ಆಕೆಗೇನು ಗೊತ್ತು. ತಪ್ಪನ್ನ ಹಂಗೇ ಬಿಡೋ ವಂಶ ಅಲ್ಲ ನಮ್ಮದು. ಅಪ್ಪ ಮಗ್ಗಿ ಕಲಿಸಿದಂಗೆ ನಾನೇ ಒಂದು ಉಪಾಯ ಹೂಡಿದೀನಿ, ಆಕೆಗೆ ಹೇಳಿಲ್ಲ. ನೀನು ತಿದ್ದಿದ್ದನ್ನ ದಿನಾ ಬೆಳಗ್ಗೆ ಹತ್ತು ಸಲ ಬರೀತೀನಿ, ಆಮೇಲೆ ವಿಭೂತಿ ಹಚ್ಚಿಕೊಂಡು ಗಟ್ಟಿಯಾಗಿ ಹೇಳ್ತೀನಿ. "ಬಾವಿಗೆ ಇಳಿದೋಳು ಅಕ್ಕ, ಬಾವಿಗೆ ಇಳಿದೋಳು ಅಕ್ಕ." ಶಿಲ್ಪಾ ಒಳಗಿಂದ "ಅಪ್ಪಾ, ಕುಕ್ಕರ್ ಸೀಟಿ ಕೇಳಿಸ್ತಿಲ್ಲ" ಅಂತಾಳೆ.

ವಾರದಲ್ಲೇ ನನಗೆ ನೀನು ಇಳಿದದ್ದು ಕಣ್ಣಿಗೆ ಕಟ್ಟಿತು, ಅಕ್ಕ. ಒದ್ದೆ ಲಂಗ ಸಮೇತ. ಚಿಕ್ಕಪ್ಪನ ಮುಖ ಎಷ್ಟು ಹುಡುಕಿದ್ರೂ ಸಿಗಲ್ಲ. ಉಪಾಯ ಹೆಂಗೈತೆ?

ಇವತ್ತಿನದು ನಿನ್ನ ಮದುವೆ. ಗಂಡಿನ ಕಡೆಯೋರು ರೇಷ್ಮೆ ವ್ಯಾಪಾರಸ್ತರಾದ್ರೂ ಲಾರಿಯಲ್ಲಿ ಬಂದ್ರು. ನಿನ್ನನ್ನೂ ಅದೇ ಲಾರಿಯಲ್ಲಿ ಕರಕೊಂಡು ಹೋದ್ರು. ನೀನು ಮುಂದೆ ಡ್ರೈವರ್ ಪಕ್ಕ ಕೂತು ನಗ್ತಿದ್ದೆ. ಕಾಲೇಜಿಗೆ ಸೀಟು ಸಿಕ್ಕಿದ್ರೂ ನೀನೇ ಬೇಡ ಅಂದು ಮದುವೆಗೆ ಒಪ್ಪಿದ್ದೆ. ಅವ್ವ "ಸರ್ವಿ ಪುಣ್ಯ ಮಾಡಿದ್ಲು" ಅಂದ್ಲು.

ಓಂಕಾರಿ

---

ಮೊಳಕಾಲ್ಮೂರು
24 ಜೂನ್ 2024

ಓಂಕಾರಮೂರ್ತಿಗೆ,

ಕಾಲೇಜಿನ ವಿಷಯ ಇರಲಿ. ನಾನೇ ಬೇಡ ಅಂದೆ, ನಗುತ್ತಿದ್ದೆ ಎಂದು ನಿನಗೆ ಕಂಡಿದ್ದರೆ ಹಾಗೇ ಇಟ್ಟುಕೊ.

ಲಾರಿ ತಪ್ಪು. ನನ್ನ ಮದುವೆಗೆ ಯಾವ ಲಾರಿಯೂ ಬಂದಿರಲಿಲ್ಲ. ಅವರು ಬಂದದ್ದು ಬಾಡಿಗೆ ಬಸ್ಸಿನಲ್ಲಿ. ನಾನು ಕೂತದ್ದು ಬಸ್ಸಿನ ಹಿಂದಿನ ಸೀಟಿನಲ್ಲಿ. ಲಾರಿ ಎಲ್ಲಿಂದ ತಂದೆ? ಬರೆಯುವ ಮುಂಚೆ ಇನ್ನೊಂದು ಸಲ ಯೋಚಿಸಬೇಕಿತ್ತು. ಇಂಥದ್ದೆಲ್ಲ ಮರೆಯುವ ವಯಸ್ಸಲ್ಲ ನಿನ್ನದು.

ಹತ್ತು ಸಲ ಸಾಲದು ಎನಿಸುತ್ತದೆ. ಇಪ್ಪತ್ತು ಸಲ ಬರಿ.

ಸರ್ವಮಂಗಳ

---

ಚಳ್ಳಕೆರೆ
2 ಜುಲೈ 2024

ಅಕ್ಕ,

ನಿನ್ನ ಕಾಗದ ಓದಿ ಊಟ ಸೇರಲಿಲ್ಲ. ಲಾರಿ ನನಗೆ ಅಷ್ಟು ಚೆನ್ನಾಗಿ ನೆನಪೈತೆ. ಹಿಂದಿನ ಹಲಗೆಗೆ ಬಾಳೆಕಂಬ ಕಟ್ಟಿದ್ದೋನೇ ನಾನು.

ಶಿಲ್ಪಾ ಟ್ರಂಕ್ ತೆಗೆದು ಹುಡುಕಿ ಒಂದು ಫೋಟೋ ತಂದಳು. ಅಕ್ಕ, ಅದರಲ್ಲಿ ಲಾರಿ ಐತೆ! ಬಾಳೆಕಂಬನೂ ಐತೆ. ನೀನು ತಲೆ ತಗ್ಗಿಸಿ ನಿಂತಿದೀಯ, ಮುಖ ಸರಿಯಾಗಿ ಕಾಣಲ್ಲ. ಪಕ್ಕದಲ್ಲಿ ಭಾವ. ಇದರ ಜೊತೆ ಇಟ್ಟಿದೀನಿ, ನೋಡು. ನೀನೇ ಮರೆತಿರಬೇಕು. ಸಲಿಗೆಯಿಂದ ಹೇಳ್ತೀನಿ, ಸಿಟ್ಟಾಗಬೇಡ. ನಾನು ಗೆದ್ದೆ ತಾನೆ?

ನಿನ್ನೆ ಚಿಕ್ಕಬಸಪ್ಪ ಮನೆ ಮುಂದೆ ಸಿಕ್ಕಿದ್ದ. ನನ್ನ ಕೈ ಹಿಡಕೊಂಡು "ಅಪ್ಪಾಜಿ, ಊಟ ಆಯ್ತಾ?" ಅಂದ. ನನಗಿಂತ ನಾಕು ವರ್ಷ ದೊಡ್ಡೋನು ಅವನು.

ಬೇಗ ಬರಿ.

ಓಂಕಾರಿ

---

ಮೊಳಕಾಲ್ಮೂರು
9 ಜುಲೈ 2024

ಓಂಕಾರಮೂರ್ತಿಗೆ,

ಫೋಟೋ ನೋಡಿದೆ. ಇದು ನನ್ನ ಮದುವೆಯದಲ್ಲ. ನಮ್ಮ ದೊಡ್ಡಪ್ಪನ ಮಗ ಸೋಮಶೇಖರಪ್ಪನ ಮದುವೆಯದು. ಅಲ್ಲಿ ತಲೆ ತಗ್ಗಿಸಿ ನಿಂತಿರುವುದು ಅವನ ಹೆಂಡತಿ. ಅಕ್ಕನಿಗೂ ಅತ್ತಿಗೆಗೂ ವ್ಯತ್ಯಾಸ ತಿಳಿಯುತ್ತಿಲ್ಲವೇ ನಿನಗೆ? ನಿಮ್ಮ ಭಾವ ಎಂದು ನೀನು ತೋರಿಸಿದವನು ಯಾರೋ ನನಗೆ ಗೊತ್ತಿಲ್ಲ.

ಪಕ್ಕದ ಮನೆ ಸೂರಮ್ಮನಿಗೂ ತೋರಿಸಿದೆ. ಆಕೆಗೆ ನಿಮ್ಮ ಭಾವನ ಮುಖ ಚೆನ್ನಾಗಿ ಗೊತ್ತು. ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿ, "ಏಮೋ ತಲ್ಲೀ, ಅಂದರೂ ಒಕ್ಕಟೇಲಾಗ ಉನ್ನಾರು" ಅಂದಳು. ಎಲ್ಲರೂ ಒಂದೇ ಥರ ಕಾಣುತ್ತಾರಂತೆ. ಆಕೆಗೆ ಎಂಬತ್ತಾಯಿತು, ಹಾಗಂದರೆ ಸರಿ. ನಿನಗೆ?

ಫೋಟೋ ನನ್ನಲ್ಲೇ ಇರಲಿ. ನಿನ್ನ ಬಳಿ ಇದ್ದರೆ ಸುಮ್ಮನೆ ಗೊಂದಲ.

ಒಂದು ಮಾತು ಹೇಳುತ್ತೇನೆ. ನಾನು ಮದುವೆಯಾದ ಹೊಸತರಲ್ಲಿ ಊರಿಗೆ ಬಂದು ಏನಾದರೂ ಹೇಳಿಕೊಂಡರೆ ಅವ್ವ, "ಇಲ್ಲದ್ದು ಕಲ್ಪಿಸ್ಕೊಂತೀಯ ಕಣೆ, ಅಳಿಯಂದ್ರು ದೇವರಂಥೋರು" ಎನ್ನುತ್ತಿದ್ದಳು. ನೀನು ಗೋಡೆಗೊರಗಿ ತಲೆಯಾಡಿಸುತ್ತಿದ್ದೆ. ಎರಡು ಮೂರು ಸಲ ಹಾಗೆ ಕೇಳಿಸಿಕೊಂಡ ಮೇಲೆ ನಾನೂ ಕನ್ನಡಿಯಲ್ಲಿ ಮೈ ನೋಡಿಕೊಳ್ಳುವುದನ್ನು ಬಿಟ್ಟೆ. ಈಗ ನಿನ್ನ ಸರದಿ. ಅಭ್ಯಾಸವಾಗುತ್ತದೆ.

ಸರ್ವಮಂಗಳ

---

ಚಳ್ಳಕೆರೆ
18 ಜುಲೈ 2024

ಅಕ್ಕ,

ಸೋಮಶೇಖರಪ್ಪನ ಮದುವೆ ಅಂತೀಯ. ಇರಲಿ, ಬರಕೊಂಡೆ. "ಅಕ್ಕನ ಮದುವೆಗೆ ಲಾರಿ ಬರಲಿಲ್ಲ, ಬಸ್ಸು ಬಂತು." ದಿನಾ ಇಪ್ಪತ್ತು ಸಲ. ಈಗೀಗ ಬಸ್ಸು ಕಾಣ್ತಾ ಐತೆ.

ಆದ್ರೆ ಇವತ್ತು ಬರೆಯೋದು ನನ್ನ ಪಟ್ಟದ ಎತ್ತು. ಇದರಲ್ಲಿ ತಪ್ಪು ಹುಡುಕು ನೋಡೋಣ. ಇದು ನಿನಗೂ ನನಗೂ ಬಿಟ್ರೆ ಯಾರಿಗೂ ಗೊತ್ತಿಲ್ಲ, ಯಾರೂ ಹೇಳಿಕೊಟ್ಟದ್ದಲ್ಲ.

ನನ್ನ ಮದುವೆಗೆ ಇನ್ನು ಹದಿನೈದು ದಿನ ಇತ್ತು. ಅಪ್ಪ ಅವ್ವ ಲಗ್ನಪತ್ರಿಕೆ ಇಟ್ಟು ಬರೋಕೆ ನಾಯಕನಹಟ್ಟಿಗೆ ಹೋಗಿದ್ರು. ಮನೇಲಿ ನಾನೊಬ್ಬನೇ. ದೀಪ ಹಚ್ಚೋ ಹೊತ್ತಿಗೆ ನೀನು ಬಂದೆ. ಹಸಿರು ಸೀರೆ. ಕೈಯಲ್ಲಿ ಚೀಲ ಇಲ್ಲ. ಕೆಳತುಟಿ ಒಡೆದಿತ್ತು. "ಓಂಕಾರಿ, ನಾನು ಅಲ್ಲಿಗೆ ಹೋಗಲ್ಲ ಕಣೋ. ಹಿತ್ತಿಲ ಮೂಲೇಲಿ ಬಿದ್ದಿರ್ತೀನಿ, ದನದ ಕೆಲಸ ಮಾಡ್ತೀನಿ" ಅಂದೆ. "ನನ್ನ ಮದುವೆ ನಿಂತೋಗ್ತೈತೆ. ಹೆಣ್ಣಿನ ಕಡೆಯೋರಿಗೆ ಏನಂತ ಹೇಳ್ಲಿ?" ಅಂದೆ ನಾನು. ನೀನು ಬಾಗಿಲ ಚೌಕಟ್ಟು ಹಿಡಕೊಂಡೆ. ನಾನು ನಿನ್ನ ಬೆರಳು ಒಂದೊಂದೇ ಬಿಡಿಸಿದೆ.

ಕೊನೇ ಬಸ್ಸು ಸಿಕ್ತು. ನಿನಗೆ ಕಿಟಕಿ ಪಕ್ಕ ಸೀಟು ಹಿಡಿದೆ. ಸೀಬೆಹಣ್ಣು ಕೊಂಡುಕೊಟ್ಟೆ. ನೀನು ತಿನ್ನಲಿಲ್ಲ, ಹಿರೇಹಳ್ಳಿ ದಾಟೋವರೆಗೂ ಹಂಗೇ ಕೈಲಿಟ್ಟುಕೊಂಡಿದ್ದೆ. ಮೊಳಕಾಲ್ಮೂರಲ್ಲಿ ಭಾವ ನಗ್ತಾ ಬಾಗಿಲು ತೆಗೆದ್ರು. "ನಿಮ್ಮಕ್ಕಂಗೆ ಭ್ರಮೆ ಕಣಪ್ಪ, ನಾನು ಸರಿ ಮಾಡ್ಕೊಂತೀನಿ" ಅಂದ್ರು. ನನಗೆ ಕಾಫಿ ಕೊಟ್ರು, ಸಕ್ಕರೆ ಜಾಸ್ತಿ. ನಾನು ಹೊರಡೋವಾಗ ನೀನು ಅಡುಗೆಮನೆ ಕಡೆ ಮುಖ ಮಾಡಿ ನಿಂತಿದ್ದೆ. ಅಪ್ಪ ಅವ್ವಂಗೆ ನಾನು ಹೇಳಲೇ ಇಲ್ಲ.

ಹೇಳು ಅಕ್ಕ! ಸೀರೆ ಬಣ್ಣ, ಹಣ್ಣು, ಕಾಫಿ ಸಕ್ಕರೆ ಸಮೇತ. ಈ ವಯಸ್ಸಲ್ಲಿ ಇಂಥ ತಲೆ ಯಾರಿಗೈತೆ? ನೂರಕ್ಕೆ ನೂರು ಕೊಡದಿದ್ರೆ ನಾನು ಒಪ್ಪಲ್ಲ.

ಓಂಕಾರಿ

---

(ಬರೆದದ್ದು, ಅಂಚೆಗೆ ಹಾಕಲಿಲ್ಲ)

ಮೊಳಕಾಲ್ಮೂರು
25 ಜುಲೈ 2024

ಓಂಕಾರಿ,

ಎಲ್ಲವೂ ಸರಿ. ಒಂದಕ್ಷರ ತಪ್ಪಿಲ್ಲ. ಸೀರೆ ಹಸಿರೇ.

ನಲವತ್ತೊಂದು ವರ್ಷ ನಾನು ಈ ಮಾತುಗಳಿಗೆ ಕಾದೆ. ಯಾರದಾದರೂ ಮದುವೆಯಲ್ಲಿ, ಸಾವಿನಲ್ಲಿ ನೀನು ಸಿಕ್ಕಾಗ, ಈಗ ಹೇಳುತ್ತಾನೆ ಎಂದು ನಿನ್ನ ಬಾಯಿಯನ್ನೇ ನೋಡುತ್ತಿದ್ದೆ. "ನಾನು ನಿನ್ನನ್ನು ತಿರುಗಿ ಬಿಟ್ಟು ಬಂದೆ, ಅಕ್ಕ." ಇಷ್ಟೇ. ಕ್ಷಮೆ ಕೇಳುವುದೂ ಬೇಡವಾಗಿತ್ತು. ಆಯಿತು ಎಂದು ಇನ್ನೊಬ್ಬರ ಬಾಯಿಂದ ಕೇಳಿದರೆ ಸಾಕಾಗಿತ್ತು. ಈಗ ಬಂದಿದೆ. ಕೆಳಗೆ ಅಂಕ ಕೇಳಿದ್ದೀಯ.

ನೀನು ಕಾಫಿ ಕುಡಿದು ಹೊರಟ ಮೇಲೆ ಅವರು ಅಂಗಡಿಯ ಗಜಕಡ್ಡಿ ತಂದರು, ಸೀರೆ ಅಳೆಯುವ ಕಬ್ಬಿಣದ್ದು. ಅಂದಿನಿಂದ ನನ್ನ ಎಡಗಿವಿ ಕೇಳಿಸುವುದಿಲ್ಲ. ಇದು ನಿನ್ನ ನೆನಪಿನಲ್ಲಿಲ್ಲ, ಏಕೆಂದರೆ ನೀನು ಆಗ ಚಳ್ಳಕೆರೆಯ ದಾರಿಯಲ್ಲಿದ್ದೆ. ನನ್ನ ಸಿಟ್ಟಿಗೆ ಅದು ಕಾರಣವಲ್ಲ. ಬೆರಳು ಬಿಡಿಸಿದ್ದನ್ನೂ ಸೀಬೆಹಣ್ಣನ್ನೂ ನೀನು ಒಂದೇ ಉಸಿರಿನಲ್ಲಿ ಬರೆದೆ. ಎರಡಕ್ಕೂ ಒಂದೇ ಅಂಕ ಬೇಕು ನಿನಗೆ.

---

ಮೊಳಕಾಲ್ಮೂರು
25 ಜುಲೈ 2024

ಓಂಕಾರಮೂರ್ತಿಗೆ,

ನಿನ್ನ ಕಾಗದ ಓದಿ ಗಾಬರಿಯಾಯಿತು. ಪೂರ್ತಿ ತಪ್ಪು.

ಇಂಥದ್ದೇನೂ ನಡೆದಿಲ್ಲ. ನಾನು ನಿನ್ನ ಮದುವೆಗೆ ಮುಂಚೆ ಬಂದಿದ್ದು ನಿಜ. ಕರೆದಿದ್ದಕ್ಕೆ ಬಂದೆ, ಮೂರು ದಿನ ಇದ್ದೆ, ಹಪ್ಪಳ ಒತ್ತಿಕೊಟ್ಟೆ. ಆಮೇಲೆ ನಾನಾಗಿಯೇ ಹೊರಟೆ. ನೀನು ಬಸ್ ಸ್ಟ್ಯಾಂಡಿಗೂ ಬರಲಿಲ್ಲ. ಯಾರೂ ಯಾರ ಬೆರಳನ್ನೂ ಬಿಡಿಸಲಿಲ್ಲ. ನನ್ನ ಬಳಿ ಹಸಿರು ಸೀರೆಯೇ ಇರಲಿಲ್ಲ.

ಎಂಥ ಅಕ್ಕನನ್ನು ಕಲ್ಪಿಸಿಕೊಂಡಿದ್ದೀಯ, ಎಂಥ ತಮ್ಮನನ್ನು! ಬಣ್ಣ, ರುಚಿ ಎಲ್ಲ ಸೇರಿಸಿ ಇಲ್ಲದ್ದನ್ನು ಹೀಗೆ ಕಟ್ಟುತ್ತಿದ್ದೀಯ ಎಂದರೆ ಡಾಕ್ಟರಿಗೆ ತಿಳಿಸುವುದು ಒಳ್ಳೆಯದು.

ಸೊನ್ನೆ.

ಸರ್ವಮಂಗಳ

---

ಚಳ್ಳಕೆರೆ
3 ಆಗಸ್ಟ್ 2024

ಅಕ್ಕ,

ಇದೇ ಕೊನೇ ಕಾಗದ ಅಂದ್ಕೋ.

ಲಾರಿ ಹೋದ್ರೆ ಹೋಗಲಿ, ಚಿಕ್ಕಪ್ಪ ಹೋದ್ರೆ ಹೋಗಲಿ. ಇದು ಸುಳ್ಳಾದ್ರೆ ನನ್ನ ತಲೇಲಿ ನಿಜ ಅಂತ ಇನ್ನೇನೂ ಉಳಿದಿಲ್ಲ. ದಿನಾ ಹಲ್ಲುಜ್ಜಿದಷ್ಟು ಗಟ್ಟಿ ಇತ್ತು ಅದು. ಕೊಯ್ಯೋಕೆ ಮುಂಚೇನೇ ನಾನು ಚಿಕ್ಕಬಸಪ್ಪ ಆಗಿದೀನಿ. ಇನ್ನು ಕೊಯ್ದು ಯಾರನ್ನ ಉಳಿಸ್ತಾರೆ? ಆಪರೇಷನ್ ಬೇಡ ಅಂತ ಹೇಳಿಬಿಟ್ಟೆ. ಟ್ಯಾಬ್ ವಾಪಸ್ ಕಳಿಸಿದೆ. ಸ್ವಪ್ನ ಮೇಡಂ ಫೋನ್ ಮಾಡಿ, "ಸರ್, ನಿಮ್ಮ ಪರೀಕ್ಷೆಯೆಲ್ಲ ಮೊದಲಿಗಿಂತ ಚೆನ್ನಾಗಿವೆ" ಅಂತಾಳೆ. ಮೀನು ಯಾವ ಕಡೆ ತಿರುಗಿತು ಅಂತ ಗೊತ್ತಾದ್ರೆ ಸಾಕಾ ಮನುಷ್ಯಂಗೆ?

ಓಂಕಾರಮೂರ್ತಿ

ಅತ್ತೆ, ನಾನು ಶಿಲ್ಪಾ. ಅಪ್ಪನಿಗೆ ಗೊತ್ತಿಲ್ಲದೆ ಕೆಳಗೆ ಬರೀತಿದೀನಿ. ಅವರು ಗೋಡೆ ಕಡೆ ಮುಖ ಮಾಡಿ ಮಲಗಿದಾರೆ. ಯಾವ ನೆನಪು ತಪ್ಪಾಯ್ತು ಅಂತ ನನಗೂ ಹೇಳ್ತಿಲ್ಲ. ಮೆಟ್ಟಿಲು ಹತ್ತಿದ್ರೆ ಎದೆ ಹಿಡ್ಕೊಂತಾರೆ. ಡಾಕ್ಟ್ರು ಈ ತಿಂಗಳು ಬಿಟ್ರೆ ಕಷ್ಟ ಅಂದ್ರು. ನಿಮ್ಮ ಮಾತು ಒಂದನ್ನೇ ಅವರು ಕೇಳೋದು. ಏನಾದ್ರೂ ಬರೀರಿ ಅತ್ತೆ, ಕಾಲು ಹಿಡೀತೀನಿ.

---

ಮೊಳಕಾಲ್ಮೂರು
7 ಆಗಸ್ಟ್ 2024

ಓಂಕಾರಿ,

ಎದ್ದು ಕೂತು ಓದು.

ಒಂದು ನೆನಪು ತಪ್ಪಿದರೆ ಬುದ್ಧಿ ಹೋಯಿತೆಂದಲ್ಲ. ಇಲ್ಲದ್ದನ್ನು ಅಷ್ಟು ಚೆನ್ನಾಗಿ ಕಟ್ಟಿದ ತಲೆ ಗಟ್ಟಿಯಾಗಿಯೇ ಇದೆ. ಅದನ್ನು ಸರಿಯಾದ ದಾರಿಗೆ ಹಚ್ಚಬೇಕು, ಅಷ್ಟೆ. ಟ್ಯಾಬ್ ತರಿಸಿಕೊ. ಇನ್ನು ಆಪರೇಷನ್ ಆಗುವವರೆಗೆ ನಾನು ಕೊಡುವ ಈ ಒಂದೇ ಪಾಠವನ್ನು ಮಾಡು:

"ನನ್ನ ಮದುವೆಗೆ ಮುಂಚೆ ಅಕ್ಕ ಬಂದಳು. ಮೂರು ದಿನ ಇದ್ದಳು. ತಾನಾಗಿಯೇ ಹೋದಳು. ನಾನು ಬಿಟ್ಟು ಬರಲಿಲ್ಲ."

ದಿನಾ ನೂರು ಸಲ ಬರಿ. ವಿಭೂತಿ ಹಚ್ಚಿಕೊಂಡಾಗ ಹೇಳು, ಮಲಗುವಾಗ ಹೇಳು. ಆಪರೇಷನ್ ಮುಗಿದು ಕಣ್ಣು ಬಿಟ್ಟಾಗ ಈ ನಾಲ್ಕು ವಾಕ್ಯ ನಿನ್ನ ಬಾಯಿಗೆ ಬಂದರೆ, ನಿನ್ನ ತಲೆ ಉಳಿದಿದೆ ಎಂದು ತಿಳಿ. ಬರದಿದ್ದರೆ ಆಗ ನೋಡೋಣ.

ಹೋಗು. ಹೋಗಿ ಪೂರ್ತಿ ಬುದ್ಧಿಯಿಂದ ವಾಪಸ್ ಬಾ. ಬಂದ ಮೇಲೆ ನಿನಗೆ ಹೇಳುವ ಒಂದು ಮಾತಿದೆ. ಅದನ್ನು ಕೇಳಿಸಿಕೊಳ್ಳಲು ನೀನು ಬದುಕಿರಬೇಕು, ತಲೆ ನೆಟ್ಟಗಿರಬೇಕು. ಅರೆ ಬುದ್ಧಿಯವನಿಗೆ ಹೇಳಿ ನನಗೇನೂ ಆಗಬೇಕಿಲ್ಲ.

ಅಕ್ಕ

---

ಚಳ್ಳಕೆರೆ
26 ಸೆಪ್ಟೆಂಬರ್ 2024

ಅಕ್ಕನಿಗೆ ಶರಣು ಶರಣು.

ಬದುಕಿದೀನಿ. ಅಕ್ಷರ ನಡುಗ್ತಾವೆ, ತಲೆ ನಡುಗ್ತಿಲ್ಲ.

ಆಪರೇಷನ್ ಆಗಿ ಎರಡು ದಿನ ಮಬ್ಬು ಇತ್ತಂತೆ. ನರ್ಸು ಹೆಸರು ಕೇಳಿದ್ರೆ ಹೇಳಲಿಲ್ಲವಂತೆ, ಊರು ಕೇಳಿದ್ರೂ ಇಲ್ಲ. ಶಿಲ್ಪಾ ಗಾಜಿನ ಆಚೆ ನಿಂತು ಅಳ್ತಿದ್ಲಂತೆ. ಆಮೇಲೆ ಇದ್ದಕ್ಕಿದ್ದಂಗೆ ನಾನು ಗಟ್ಟಿಯಾಗಿ, "ಅಕ್ಕ ಬಂದಳು, ಮೂರು ದಿನ ಇದ್ದಳು, ತಾನಾಗಿಯೇ ಹೋದಳು, ನಾನು ಬಿಟ್ಟು ಬರಲಿಲ್ಲ" ಅಂದೆನಂತೆ. ಪಕ್ಕದ ಮಂಚದ ಮುದುಕ, "ಏ, ಅಕ್ಕ ಹೋದ್ಲು ಅಂತ ಗೊತ್ತಾಯ್ತು, ಮಲಗಯ್ಯ ಮಾರಾಯ" ಅಂದನಂತೆ. ಅಲ್ಲಿಂದ ಶುರುವಾಗಿ ಒಂದೊಂದೇ ಎಲ್ಲ ಬಂತು. ಈಗ ನೂರರಿಂದ ಏಳೇಳು ಕಳೆಯೋದು ಶಿಲ್ಪಾಗಿಂತ ನಾನೇ ಬೇಗ. ನನ್ನ ತಲೆ ಉಳಿಸಿದೋಳು ನೀನು. ಬಾವಿಯಿಂದ ಎತ್ತಿದೋಳೂ ನೀನು.

ಒಂದು ವಿಷಯ ಮುಚ್ಚಿಟ್ಟಿದ್ದೆ, ಈಗ ಹೇಳಬಹುದು. ಜುಲೈನಲ್ಲಿ ಬರೆದೆನಲ್ಲ, ಆ ಸುಳ್ಳು ನೆನಪು. ಅದನ್ನ ಜಂಬದಿಂದ ಬರೆದೆ, ಖರೆ. ಆದ್ರೆ ಮೊಳಕಾಲ್ಮೂರು ಬಸ್ಸು ಕಂಡಾಗೆಲ್ಲ ನನ್ನ ಎದೇಲಿ ಏನೋ ಒತ್ತುತಿತ್ತು. ನಿನ್ನ ಮನೆಗೆ ಬರೋಕೆ ಕಾಲು ಏಳ್ತಿರಲಿಲ್ಲ. ನಿರ್ಮಲಾ ಎಷ್ಟೋ ಸಲ "ನಿಮ್ಮಕ್ಕನ ಮನೆಗೆ ಯಾಕೆ ಹೋಗಲ್ರಿ?" ಅಂತ ಕೇಳ್ತಿದ್ಲು, ಕೆಲಸ ಐತೆ ಅಂತಿದ್ದೆ. ಈಗ ಒತ್ತಲ್ಲ, ಅಕ್ಕ. ಹೋದ ವಾರ ವಾಕಿಂಗ್ ಹೋದೋನು ಬಸ್ ಸ್ಟ್ಯಾಂಡಲ್ಲೇ ಕೂತು ಎಳನೀರು ಕುಡಿದು ಬಂದೆ. ಡಾಕ್ಟ್ರು ಮೂರು ನಾಳ ಬಿಡಿಸಿದ್ರು, ನಾಲ್ಕನೇದು ನೀನು ಬಿಡಿಸಿದೆ.

ಏನೋ ಮಾತು ಹೇಳ್ತೀನಿ ಅಂದಿದ್ದೆಯಲ್ಲ. ಹೇಳು.

ಓಂಕಾರಿ

---

ಮೊಳಕಾಲ್ಮೂರು
3 ಅಕ್ಟೋಬರ್ 2024

ಓಂಕಾರಿ,

ನೀನು ಉಳಿದದ್ದು ಒಳ್ಳೆಯದಾಯಿತು.

ಹೇಳಬೇಕಾದ ಮಾತು ಇದು. ನಾನು ಬರೆದದ್ದು ಸುಳ್ಳು. ನೀನು ಬರೆದದ್ದು ನಿಜ. ನಿನ್ನ ಜುಲೈ ಹದಿನೆಂಟರ ಕಾಗದವನ್ನೇ ಇದರ ಜೊತೆ ಇಟ್ಟಿದ್ದೇನೆ. ನಿನ್ನದೇ ಕೈಬರಹ, ನಿನ್ನದೇ ಮಾತು. ಓದು. ಲಾರಿಯೂ ನಿಜ, ಫೋಟೋದಲ್ಲಿ ಇದ್ದವಳೂ ನಾನೇ. ನಿಮ್ಮೆಲ್ಲರಿಂದ ನನಗೆ ಏನಾಗಿತ್ತೋ ಅದು ಒಂದು ತಿಂಗಳ ಮಟ್ಟಿಗೆ ನಿನಗೂ ಆಗಲಿ ಎಂದು ತಪ್ಪು ತಪ್ಪು ತಿದ್ದಿದೆ. ನೀನು ಆಪರೇಷನ್ ಬೇಡ ಎಂದಾಗ ಹೆದರಿ ಆ ನಾಲ್ಕು ವಾಕ್ಯ ಕೊಟ್ಟೆ. ಬಂದ ಮೇಲೆ ತೆಗೆದುಹಾಕಬಹುದು ಎಂದುಕೊಂಡಿದ್ದೆ.

ಅಂದು ನೀನು ಹೋದ ಮೇಲೆ ಅವರು ಗಜಕಡ್ಡಿಯಿಂದ ಹೊಡೆದರು. ಎಡಗಿವಿ ಹೋಯಿತು. ಆ ದಿನ ನೀನು ಬಾಗಿಲಿನಿಂದ ನನ್ನ ಬೆರಳು ಬಿಡಿಸಿದೆ. ಇದು ನಡೆದದ್ದು. ಇದನ್ನು ಬಲ್ಲವರು ನಾವಿಬ್ಬರೇ.

ಬೇರೇನೂ ಕೇಳುವುದಿಲ್ಲ. ಹೌದು ಎಂದು ಒಂದು ಸಾಲು ಬರಿ.

ಅಕ್ಕ

---

ಚಳ್ಳಕೆರೆ
14 ಅಕ್ಟೋಬರ್ 2024

ಅಕ್ಕನಿಗೆ ಶರಣು.

ನಿನ್ನ ಕಾಗದ ಎರಡು ಸಲ ಓದಿದೆ. ನಿನಗೆ ಎಪ್ಪತ್ತೊಂದು ಅನ್ನೋದನ್ನೇ ಮರೆತಿದ್ದೆ ನೋಡು.

ಸಿಟ್ಟಿಲ್ಲ ಅಕ್ಕ, ಮರುಕ ಆಯ್ತು. ಜುಲೈನಲ್ಲಿ ನೀನೇ ಅಷ್ಟು ಸ್ಪಷ್ಟವಾಗಿ ಬರೆದಿದ್ದೀಯ. ಮೂರು ದಿನ ಇದ್ದೆ, ಹಪ್ಪಳ ಒತ್ತಿದೆ, ನಾನಾಗಿಯೇ ಹೊರಟೆ ಅಂತ. ಆ ಹಪ್ಪಳ ಈಗ ನನಗೂ ಚೆನ್ನಾಗಿ ನೆನಪೈತೆ, ಉದ್ದಿನದು, ಮಾಳಿಗೆ ಮೇಲೆ ಒಣಗಿಸಿದ್ವಿ. ಈಗ ಉಲ್ಟಾ ಹೇಳ್ತಿದೀಯ. ನಿನ್ನ ಎರಡು ಕಾಗದದಲ್ಲಿ ಯಾವುದನ್ನ ನಂಬಲಿ? ಸೋಮಶೇಖರಪ್ಪನ್ನ ಸುಮ್ಮನೆ ಕೇಳಿದೆ. "ಸರ್ವಿ ಮೊದಲಿಂದ ಹಂಗೇ ಅಲ್ವೇನಪ್ಪ, ದೇವರಂಥ ಗಂಡನ ಮೇಲೆ ಏನೇನೋ ಹೇಳ್ತಿದ್ಲು" ಅಂದ.

ನನ್ನ ಹಳೇ ಕಾಗದ ಕಳಿಸಿದೀಯ. ಅದನ್ನ ಬರೆದದ್ದು ನಾಳ ಕಟ್ಟಿಕೊಂಡಿದ್ದಾಗ, ತಲೆಗೆ ರಕ್ತ ಸರಿಯಾಗಿ ಹೋಗದ ಕಾಲದಲ್ಲಿ. ಓದಿದ್ರೆ ನನಗೇ ನಾಚಿಕೆ. ಶಿಲ್ಪಾ ಕೈಗೆ ಸಿಕ್ಕಿ ನಿಜ ಅಂದ್ಕೊಂಡುಬಿಟ್ರೆ? ಬಚ್ಚಲ ಒಲೆಗೆ ಹಾಕಿದೆ.

ವಯಸ್ಸಾದ ಮೇಲೆ ಎಲ್ಲರಿಗೂ ಹೀಗಾಗ್ತೈತೆ, ನೀನು ಎದೆಗುಂದಬೇಡ. ನೀನು ನನಗೆ ಮಾಡಿದ ಉಪಕಾರನ ನಾನು ತೀರಿಸಬೇಕಲ್ಲ. ಇನ್ನು ಮೇಲೆ ನೀನು ನೆನಸಿಕೊಂಡು ಬರಿ, ನಾನು ಸರಿ ತಪ್ಪು ನೋಡಿ ಕಳಿಸ್ತೀನಿ. ತಿದ್ದಿದ್ದನ್ನ ದಿನಾ ಹತ್ತು ಸಲ ಬರಿ, ಗಟ್ಟಿಯಾಗಿ ಹೇಳು. ನಾನು ಬದುಕಿರೋವರೆಗೂ ಬೇಜಾರಿಲ್ಲದೆ ತಿದ್ದಿಕೊಡ್ತೀನಿ.

ಇವತ್ತು ಸುಲಭದ್ದೊಂದರಿಂದ ಶುರು ಮಾಡೋಣ. ನಿನ್ನ ಎಡಗಿವಿ ಯಾವಾಗಿಂದ ಕೇಳಿಸಲ್ಲ? ನನಗೆ ನೆನಪಿರೋ ಪ್ರಕಾರ, ಹುಟ್ಟಿದಾಗಿಂದ.

ನಿನ್ನ ತಮ್ಮ
ಓಂಕಾರಿ